ಆರಾಧನೆಯ ಒಂದು ಗಂಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಶುಕ್ರವಾರ ಒಂದು ಗಂಟೆ ಪರಮಪ್ರಸಾದದ, ಅಂದರೆ ಬಲಿಪೂಜೆಯಲ್ಲಿ (ಮಾಸ್) ಪವಿತ್ರೀಕರಿಸಿದ ರೊಟ್ಟಿಯ, ಆರಾಧನೆ ಶುರು ಮಾಡಲಿದ್ದೇವೆ. ಏನೇನು ಸಿದ್ಧ ಮಾಡಿಕೊಳ್ಳಬೇಕು? ಗಂಟೆಯಿಡೀ ಏನು ನಡೆಸಬೇಕು?
– ಓದುಗರು, ಹಾಸನ

ಉತ್ತರ: ಬಲಿಪೀಠದ ಮೇಲೆ ಒಗೆದು ಇಸ್ತ್ರಿ ಮಾಡಿದ ಕಾರ್ಪೊರಲ್ ಬಟ್ಟೆ ಹಾಸಿ. ಮಾನ್‌ಸ್ಟ್ರೆನ್ಸ್‌ನಲ್ಲಿ (ರೊಟ್ಟಿ ಕಾಣುವಂತೆ ಗಾಜು ಕೂರಿಸಿದ ಪಾತ್ರೆ) ಇಡುವುದಾದರೆ 4 ಅಥವಾ 6 ಮೇಣದಬತ್ತಿ ಮತ್ತು ಧೂಪ ಬೇಕು. ಮುಚ್ಚಿದ ಸಿಬೋರಿಯಂ (ಹಂಚುವ ರೊಟ್ಟಿಗಳ ಬಟ್ಟಲು) ಇಡುವುದಾದರೆ ಕನಿಷ್ಠ 2 ಬತ್ತಿ ಸಾಕು. ಪೀಠದ ಮೇಲಿನ ಫ್ಯಾನನ್ನು ಮೊದಲೇ ಆರಿಸಿಬಿಡಿ. ಪ್ರಾರ್ಥನೆಯ ನಡುವೆ ಬತ್ತಿ ಹಚ್ಚಲು ಯಾರೂ ಓಡಾಡುವಂತಾಗಬಾರದು. ಹೂವು ಪಕ್ಕಕ್ಕಿರಲಿ, ರೊಟ್ಟಿಯನ್ನು ಮರೆಮಾಡದಿರಲಿ.

ಇದ್ದಿಲನ್ನು ಹದಿನೈದು ನಿಮಿಷ ಮುಂಚೆ ಹೊತ್ತಿಸಿ. ಮೇಲೆ ಬೂದಿಯ ತೆಳುಪದರ ಕಟ್ಟಿದ ಮೇಲಷ್ಟೇ ಸಾಂಬ್ರಾಣಿ ಹಾಕಬೇಕು, ಅದೂ ಅರ್ಧ ಚಮಚ. ಪೀಠಬಾಲಕರು ಉತ್ಸಾಹದಲ್ಲಿ ಎರಡು ಮೂರು ಚಮಚ ಸುರಿದರೆ ಸಾಂಬ್ರಾಣಿ ಕರಗಿ ಕೆಂಡದ ಮೇಲೆ ಹರಡುತ್ತದೆ, ಗಾಳಿಯಾಡದೆ ಕೆಂಡ ನಂದುತ್ತದೆ. ಕೊನೆಯ ಆಶೀರ್ವಾದದ ಹೊತ್ತಿಗೆ ಹೊಗೆಯೇ ಇರುವುದಿಲ್ಲ.

ಆರಾಧನೆ ಬಲಿಪೂಜೆಯಿಂದ ಹುಟ್ಟಿ ಬಲಿಪೂಜೆಯ ಕಡೆಗೇ ನಮ್ಮನ್ನು ಒಯ್ಯುವಂಥದ್ದು. ಆದ್ದರಿಂದ ಆ ದಿನದ ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯನ್ನೇ ಇಟ್ಟರೆ ಬಹಳ ಚೆನ್ನ. ಆರಾಧನೆ ನಡೆಯುತ್ತಿರುವಾಗ ಅದೇ ಸಭಾಂಗಣದಲ್ಲಿ ಇನ್ನೊಂದು ಪೂಜೆ ಇಟ್ಟುಕೊಳ್ಳುವಂತಿಲ್ಲ.

ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು: ಗೀತೆ ಮತ್ತು ಧೂಪಕ್ಕೆ 5 ನಿಮಿಷ, ಶುಭಸಂದೇಶದ ಒಂದು ಭಾಗ ಮತ್ತು ಚಿಕ್ಕ ಪ್ರಬೋಧನೆಗೆ 10, ಪೂರ್ತಿ ಮೌನಕ್ಕೆ 25, ಜಪಸರ ಅಥವಾ ಕೋರಿಕೆಗಳಿಗೆ 10, ಆಶೀರ್ವಾದಕ್ಕೆ 10. ಎಲ್ಲ ಕಡೆ ಕೆಡುವುದು ಆ 25 ನಿಮಿಷವೇ. ಎರಡು ನಿಮಿಷ ಸದ್ದಿಲ್ಲದಿದ್ದರೆ ಯಾರೋ ಮೈಕ್ ಹಿಡಿಯುತ್ತಾರೆ, ಇನ್ಯಾರೋ ಕೀಬೋರ್ಡ್ ಒತ್ತುತ್ತಾರೆ. ರೋಮ್ (ವ್ಯಾಟಿಕನ್) 1973ರಲ್ಲಿ ಹೊರಡಿಸಿದ ಆರಾಧನಾ ವಿಧಿ ವಾಚನ, ಗೀತೆ, ಪ್ರಾರ್ಥನೆಗಳ ಜೊತೆಗೆ ಮೌನವನ್ನೂ ಕೇಳುತ್ತದೆ. ಮೈಕನ್ನು ಆರಿಸಿಡಿ. ಜನ ಮೊದಲ ತಿಂಗಳು ಚಡಪಡಿಸುತ್ತಾರೆ, ಬರಬರುತ್ತಾ ಆ ಮೌನಕ್ಕಾಗಿಯೇ ಬರುತ್ತಾರೆ. ಬರೀ ಆಶೀರ್ವಾದ ಕೊಡುವುದಕ್ಕೆಂದು ಪರಮಪ್ರಸಾದವನ್ನು ಎರಡು ನಿಮಿಷ ಹೊರಗಿಟ್ಟು ಒಳಗಿಡುವುದನ್ನು ಅದೇ ವಿಧಿ ನಿಷೇಧಿಸಿದೆ.

ಕೊನೆಗೆ 'ತಾಂತುಮ್ ಎರ್ಗೊ' ಎಂಬ ಲ್ಯಾಟಿನ್ ಗೀತೆ ಅಥವಾ ಅದರ ಕನ್ನಡ ರೂಪ, ಧೂಪ, ಪ್ರಾರ್ಥನೆ. ಆಮೇಲೆ ಗುರುಗಳು ಹೆಗಲ ಮೇಲೆ ಉದ್ದನೆಯ ವಸ್ತ್ರ ಹೊದ್ದು, ಅದರ ಅಂಚುಗಳಲ್ಲೇ ಮಾನ್‌ಸ್ಟ್ರೆನ್ಸ್ ಹಿಡಿದು, ಮಾತಿಲ್ಲದೆ ಶಿಲುಬೆಯ ಗುರುತು ಮಾಡುತ್ತಾರೆ. ಬರಿಗೈ ತೋರಿಸುವುದಿಲ್ಲ, ಬಾಯಿ ತೆರೆಯುವುದಿಲ್ಲ; ಆಶೀರ್ವದಿಸುತ್ತಿರುವವರು ಕ್ರಿಸ್ತರೇ ಎಂಬುದಕ್ಕೆ.

ಪ್ರಶ್ನೆ: ಫಾದರ್ ಊರಲ್ಲಿಲ್ಲದಾಗ ಸಿಸ್ಟರ್ ಆರಾಧನೆ ನಡೆಸಬಹುದೇ? ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಏನು ಮಾಡಬೇಕು?
– ಓದುಗರು, ಕೊಳ್ಳೇಗಾಲ

ಉತ್ತರ: ಪರಮಪ್ರಸಾದ ಹಂಚಲು ನೇಮಕಗೊಂಡ ಸಿಸ್ಟರ್ ಅಥವಾ ಗೃಹಸ್ಥರು, ಗುರುಗಳಾಗಲಿ ಡೀಕನ್ (ಗುರುಪದವಿಗೆ ಮುಂಚಿನ ದೀಕ್ಷೆ ಪಡೆದವರು) ಆಗಲಿ ಇಲ್ಲದಾಗ, ಅದನ್ನು ಆರಾಧನೆಗೆ ಇಡಬಹುದು, ಮುಗಿದ ಮೇಲೆ ಪರಮಪ್ರಸಾದ ಕಾಯ್ದಿಡುವ ಪೆಟ್ಟಿಗೆಯೊಳಗೆ ಇಡಬಹುದು. ಆದರೆ ಪರಮಪ್ರಸಾದದಿಂದ ಆಶೀರ್ವಾದ ಕೊಡುವಂತಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹೊರಗಿಟ್ಟ ಪರಮಪ್ರಸಾದವನ್ನು ಸ್ವಲ್ಪ ಹೊತ್ತೂ ಒಂಟಿಯಾಗಿ ಬಿಡಬಾರದು. 2004ರಲ್ಲಿ ರೋಮ್ ಇದನ್ನು ಮತ್ತೆ ಖಚಿತವಾಗಿ ಹೇಳಿದೆ. ದಿನವಿಡೀ ಆರಾಧನೆ ಇಟ್ಟರೆ ಅರ್ಧರ್ಧ ಗಂಟೆಯ ಪಟ್ಟಿ ಬರೆದು ಬಾಗಿಲ ಬಳಿ ಅಂಟಿಸಿ, ಪ್ರತಿ ಪಾಳಿಗೆ ಇಬ್ಬರಿರಲಿ, ಮುಂದಿನವರು ಬಂದು ಕೂತ ಮೇಲೆಯೇ ಹಿಂದಿನವರು ಏಳಲಿ. ಊಟದ ಹೊತ್ತಿಗೆ ಜನ ಸಿಗದಿದ್ದರೆ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಸಂಜೆ ಮತ್ತೆ ಹೊರಗಿಡಿ. ಮುಚ್ಚಿದ ಪೆಟ್ಟಿಗೆಯ ಮುಂದೆ ಕೂತರೂ ಅದೇ ಪ್ರಭುವಿನ ಸನ್ನಿಧಿ. ಅಲ್ಲಿ ಉರಿಯುವ ದೀಪ ಅದನ್ನೇ ಹೇಳುತ್ತದೆ.

ಪ್ರಶ್ನೆ: ಆರಾಧನೆಯ ಮುಂದೆ ಒಂದು ಮೊಣಕಾಲೂರಬೇಕೋ, ಎರಡೋ?
– ಓದುಗರು, ಬೆಂಗಳೂರು

ಉತ್ತರ: ಒಂದೇ, ಬಲ ಮೊಣಕಾಲು. 1973ರ ವಿಧಿಯ ಪ್ರಕಾರ ಹೊರಗಿಟ್ಟಾಗಲೂ, ಪೆಟ್ಟಿಗೆಯಲ್ಲಿದ್ದಾಗಲೂ ನಮಸ್ಕಾರ ಒಂದೇ ಬಗೆ. ಹಿರಿಯರು ಕಲಿತದ್ದು ಎರಡು ಮೊಣಕಾಲೂರಿ ತಲೆಬಾಗುವ ಹಳೆಯ ಕ್ರಮ. ಅವರನ್ನು ತಿದ್ದಲು ಹೋಗಬೇಡಿ. ಮೊಣಕಾಲು ನೋವಿದ್ದವರು ನಿಂತೇ ಬಾಗಿ ನಮಸ್ಕರಿಸಲಿ.

ಪ್ರಶ್ನೆ: ಮಳೆಗಾಲದಲ್ಲಿ ಮಾನ್‌ಸ್ಟ್ರೆನ್ಸ್‌ನ ರೊಟ್ಟಿ ಗಾಜಿಗೆ ಅಂಟಿಕೊಂಡು ಅಂಚಿನಲ್ಲಿ ಕಪ್ಪು ಚುಕ್ಕೆ ಕಾಣಿಸಿತು. ಹೀಗೇಕೆ? ಏನು ಮಾಡಬೇಕು?
– ಓದುಗರು, ಕಾರ್ಕಳ

ಉತ್ತರ: ಆ ರೊಟ್ಟಿಯಲ್ಲಿರುವುದು ಗೋಧಿಹಿಟ್ಟು ಮತ್ತು ನೀರು ಮಾತ್ರ. ಸುಟ್ಟು ಒಣಗಿದ ತೆಳು ಹಾಳೆಯಾದ್ದರಿಂದ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಮೊದಲು ಮೆತ್ತಗಾಗಿ ಅಂಚು ಸುರುಳುತ್ತದೆ, ಆಮೇಲೆ ಗಾಜಿಗೆ ತಗಲುತ್ತದೆ, ತಗಲಿದ ಕಡೆಯೇ ಬೂಷ್ಟು ಹಿಡಿಯುತ್ತದೆ. ರೊಟ್ಟಿಯನ್ನು ಹಿಡಿದಿಡುವ ಲೂನಾ (ಲ್ಯಾಟಿನ್‌ನಲ್ಲಿ ಚಂದ್ರ ಎಂದರ್ಥ) ಎರಡು ಗಾಜಿನ ನಡುವೆ ಸ್ವಲ್ಪ ಜಾಗ ಬಿಡುವಂಥದ್ದಾಗಿರಬೇಕು. ತೊಳೆದ ಲೂನಾವನ್ನು ಒರೆಸಿದರೆ ಸಾಲದು, ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಚೌಕಟ್ಟಿನ ಸಂದಿಯಲ್ಲಿ ಉಳಿದ ಒಂದು ಹನಿ ಸಾಕು ಕೆಡಿಸಲು. ರೊಟ್ಟಿಯ ಅಳತೆಯನ್ನೂ ನೋಡಿ ತರಿಸಿ. ಲೂನಾಗಿಂತ ದೊಡ್ಡದನ್ನು ಒತ್ತಿ ಕೂರಿಸಿದರೆ ಬಿರುಕು ಬಿಟ್ಟು ಚೂರು ಉದುರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಸದನ್ನು ಇಡುವುದು ಒಳ್ಳೆಯದು. ಹಳೆಯದನ್ನು ಚೆನ್ನಾಗಿರುವಾಗಲೇ ಗುರುಗಳು ಪೂಜೆಯಲ್ಲಿ ಸ್ವೀಕರಿಸುತ್ತಾರೆ.

ಕೆಟ್ಟಿದ್ದರೆ ನೀವಾಗಿ ತೆಗೆಯಬೇಡಿ, ಗುರುಗಳಿಗೆ ಹೇಳಿ. ಅದನ್ನು ಶುದ್ಧ ನೀರಿರುವ ಗಾಜಿನ ಪಾತ್ರೆಯಲ್ಲಿ ಹಾಕಿ, ಮುಚ್ಚಿ, ಬೀಗವಿರುವ ಜಾಗದಲ್ಲಿ ಇಡುತ್ತಾರೆ. ಕೆಲವು ದಿನಗಳಲ್ಲಿ ಪೂರ್ತಿ ಕರಗುತ್ತದೆ. ರೊಟ್ಟಿಯ ರೂಪ ಇರುವವರೆಗೆ ಕ್ರಿಸ್ತರ ಸಾನ್ನಿಧ್ಯ ಇರುತ್ತದೆಂದು ಧರ್ಮಸಭೆ ನಂಬುತ್ತದೆ. ಅದಕ್ಕೇ ಇಷ್ಟು ಕಾಳಜಿ. ರೂಪ ಅಳಿದ ಮೇಲೆ ಆ ನೀರನ್ನು ನೇರ ಮಣ್ಣಿಗಿಳಿಯುವ ವಿಶೇಷ ತೊಟ್ಟಿಗೆ, ಇಲ್ಲವೇ ಯಾರೂ ತುಳಿಯದ ಮಣ್ಣಿಗೆ ಸುರಿಯುತ್ತಾರೆ. ಬಚ್ಚಲಿಗೆ ಎಂದೂ ಅಲ್ಲ.

ಪ್ರಶ್ನೆ: ಪವಿತ್ರ ಗುರುವಾರ ರಾತ್ರಿ ಮಾನ್‌ಸ್ಟ್ರೆನ್ಸ್ ಏಕೆ ಇಡುವುದಿಲ್ಲ?
– ಓದುಗರು, ಉಡುಪಿ

ಉತ್ತರ: ಶುಭ ಶುಕ್ರವಾರ ಬಲಿಪೂಜೆ ಇಲ್ಲ. ಆ ದಿನ ಹಂಚಬೇಕಾದ ಪರಮಪ್ರಸಾದವನ್ನು ಗುರುವಾರವೇ ಪವಿತ್ರೀಕರಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ಕಾಯ್ದಿಡುತ್ತೇವೆ. 1988ರ ರೋಮ್‌ನ ಸೂಚನೆ ಮಾನ್‌ಸ್ಟ್ರೆನ್ಸ್ ಬೇಡ ಎನ್ನುತ್ತದೆ, ಪೆಟ್ಟಿಗೆಗೆ ಸಮಾಧಿಯ ಆಕಾರ ಕೊಡಬಾರದೆಂದೂ ಹೇಳುತ್ತದೆ. ಹಾಗಾಗಿ ಥರ್ಮೋಕೋಲಿನಲ್ಲಿ ಗುಹೆ ಕಟ್ಟುವ ಯುವಕರಿಗೆ ಮೊದಲೇ ತಿಳಿಸಿ, ಅವರ ಶ್ರಮ ವ್ಯರ್ಥವಾಗದಿರಲಿ. ಜಾಗರಣೆಯಲ್ಲಿ ಯೊವಾನ್ನನ ಶುಭಸಂದೇಶದ 13ರಿಂದ 17ನೇ ಅಧ್ಯಾಯಗಳನ್ನು ಸ್ವಲ್ಪ ಸ್ವಲ್ಪವಾಗಿ ಓದಿ. ನಡುರಾತ್ರಿಯ ನಂತರ ಯಾತನೆಯ ದಿನ ಶುರುವಾಗುತ್ತದೆ. ಸಡಗರದ ಹಾಡು, ಗೀತೆ ಎಲ್ಲ ನಿಲ್ಲಿಸಿ, ಕೂರಬಯಸುವವರು ಸುಮ್ಮನೆ ಕೂರಲಿ.