ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಬರುತ್ತದೆ? ನನ್ನ ಮಗನಿಗೆ ಯಾಕೆ ಬರುವುದಿಲ್ಲ?

ಮನೆಯಲ್ಲಿ ಒಬ್ಬರು ಆಕಳಿಸಿದರೆ ಎಲ್ಲರಿಗೂ ಅಂಟಿಕೊಳ್ಳುತ್ತದೆ, ಮೂರು ವರ್ಷದ ಮಗನಿಗೆ ಮಾತ್ರ ಇಲ್ಲ, ಹಾಗೆ ಅಂಟದವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ಎಲ್ಲೋ ಓದಿದೆ, ನಿಜವೇ ಎಂದು ಕೇಳಿದ್ದೀರಿ. ಮಗನ ವಿಷಯ ಮೊದಲು ಹೇಳಿಬಿಡುತ್ತೇನೆ. ಆ ವಯಸ್ಸಿಗೆ ಅದು ತೀರಾ ಸಹಜ. ದಯವಿಟ್ಟು ಗಾಬರಿಯಾಗಬೇಡಿ.

ಮಗು ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳಾಗುವ ಹೊತ್ತಿಗೇ ಆಕಳಿಸಲು ಶುರುಮಾಡುತ್ತದೆ. ಆದರೆ ಇನ್ನೊಬ್ಬರನ್ನು ನೋಡಿ ಆಕಳಿಸುವುದು ಸಾಮಾನ್ಯವಾಗಿ ನಾಲ್ಕೈದು ವರ್ಷ ತುಂಬಿದ ಮೇಲೆಯೇ. ನನ್ನ ಮಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಅವಳಿಗೆ ಮೂರಿದ್ದಾಗ ಅಜ್ಜಿ ಆಕಳಿಸಿ ಬಾಯಿ ಮುಂದೆ ಚಿಟಿಕೆ ಹೊಡೆದರೆ ಓಡಿಹೋಗಿ ಬಾಯೊಳಗೆ ಇಣುಕುತ್ತಿದ್ದಳು. ಚಿಟಿಕೆ ಹೊಡೆಯಲು ಬಾರದೆ ಎರಡು ಬೆರಳು ಉಜ್ಜಿಕೊಂಡು ನಿಲ್ಲುತ್ತಿದ್ದಳು. ಆಕಳಿಕೆ ಮಾತ್ರ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಒಂದನೇ ಕ್ಲಾಸಿಗೆ ಸೇರಿದ ವರ್ಷ ಒಂದು ರಾತ್ರಿ ಅಜ್ಜಿಯ ಬಾಯಿ ತೆರೆಯುವುದಕ್ಕೂ ಇವಳ ಮೂಗಿನ ಹೊಳ್ಳೆ ಅರಳುವುದಕ್ಕೂ ಸರಿಹೋಯಿತು. ಆಮೇಲೆ ನಮ್ಮೆಲ್ಲರ ಹಾಗೆಯೇ ಆದಳು.

ಇನ್ನು ಕಾರಣಕ್ಕೆ ಬರೋಣ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಆಕಳಿಕೆ ಬರುತ್ತದೆ ಎಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದೆ. ಅದು ತಪ್ಪು. ಅಮೆರಿಕದ ಮೇರಿಲ್ಯಾಂಡಿನ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ 1987ರಲ್ಲೇ ಇದನ್ನು ಪರೀಕ್ಷಿಸಿದ್ದರು. ವಿದ್ಯಾರ್ಥಿಗಳಿಗೆ ಶುದ್ಧ ಆಮ್ಲಜನಕ ಕೊಟ್ಟರೂ ಆಕಳಿಕೆ ಕಡಿಮೆಯಾಗಲಿಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದಾಗ ಉಸಿರಾಟ ಜೋರಾಯಿತೇ ಹೊರತು ಆಕಳಿಕೆ ಹೆಚ್ಚಲಿಲ್ಲ. ಆಕಳಿಸುವ ಮುಖದ ವಿಡಿಯೋ ತೋರಿಸಿದಾಗ ಮಾತ್ರ ಐದೇ ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಕಳಿಸಿದ್ದರು. ಆ ವಿಡಿಯೋದಲ್ಲಿ ಬಾಯಿಯನ್ನು ಮರೆಮಾಡಿದರೂ ಅದು ಅಂಟುತ್ತಿತ್ತು. ಬರೀ ಬಾಯಿ ತೋರಿಸಿದರೆ ಅಷ್ಟಾಗಿ ಅಂಟುತ್ತಿರಲಿಲ್ಲ. ಅಂದರೆ ಕಿರಿದಾಗುವ ಕಣ್ಣು, ಹಿಂದಕ್ಕೆ ವಾಲುವ ತಲೆ, ಇಡೀ ಮುಖವೇ ಮಿದುಳಿಗೆ ಸೂಚನೆ.

ಸದ್ದೂ ಸಾಕಾಗುತ್ತದೆ. ಊಟದ ನಂತರದ ಪೀರಿಯಡ್‌ನಲ್ಲಿ ಮೂರನೇ ಬೆಂಚಿನ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಆಕಳಿಸುತ್ತಾಳೆ, ಕೊನೆಯಲ್ಲಿ ಉಸಿರು ಬಿಡುವ 'ಹಾ' ಎಂಬ ಸಣ್ಣ ದನಿಯಷ್ಟೇ ಹೊರಗೆ ಬರುತ್ತದೆ. ಅವಳಿಗೆ ಬೆನ್ನು ಹಾಕಿ ನೋಟ್ಸ್ ಬರೆಯುತ್ತಿದ್ದ ಮೊದಲ ಬೆಂಚಿನ ಗೆಳತಿಯ ಪೆನ್ನು ನಿಲ್ಲುತ್ತದೆ, ಗಲ್ಲ ಇಳಿಯುತ್ತದೆ. ಪಾಠ ಬೇಸರವಾಗಿ ಬಂದದ್ದಲ್ಲ ಅದು. ಇನ್ನೊಬ್ಬರ ಕ್ರಿಯೆ ಕಂಡಾಗ, ಕೇಳಿದಾಗ ನಮ್ಮ ಮಿದುಳಿನಲ್ಲಿ ಅದೇ ಕ್ರಿಯೆಗೆ ಬೇಕಾದ ತಯಾರಿ ತಾನಾಗಿ ನಡೆಯುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2017ರಲ್ಲಿ 36 ಜನರಿಗೆ ಆಕಳಿಕೆ ತಡೆಹಿಡಿಯಿರಿ ಎಂದು ಹೇಳಿ ನೋಡಿದರು. ತಡೆದಷ್ಟೂ ಆಕಳಿಸಬೇಕೆಂಬ ಒತ್ತಡವೇ ಹೆಚ್ಚಾಯಿತು. ಯಾರಿಗೆ ಎಷ್ಟು ಅಂಟುತ್ತದೆ ಎಂಬುದು ಅವರವರ ಮಿದುಳಿನಲ್ಲಿ ಚಲನೆಯನ್ನು ನಡೆಸುವ ಭಾಗ ಎಷ್ಟು ಬೇಗ ಪ್ರಚೋದನೆಗೊಳ್ಳುತ್ತದೆ ಎಂಬುದಕ್ಕೆ ತಕ್ಕಂತಿತ್ತು. ಆಕಳಿಸಿದ್ದಕ್ಕೆ ಮಕ್ಕಳನ್ನು ಗದರುವುದನ್ನು ನಾನು ಇದನ್ನು ಓದಿದ ಮೇಲೆ ಬಿಟ್ಟೆ.

ನೀವು ಓದಿದ ಆ ಮಾತಿಗೂ ಒಂದು ಮೂಲವಿದೆ. ಇಟಲಿಯ ಪೀಸಾದ ಸಂಶೋಧಕರು ದಿನನಿತ್ಯದ ಬದುಕಿನಲ್ಲಿ ಜನರನ್ನು ಗಮನಿಸಿ, ಆಕಳಿಕೆ ಮನೆಯವರಿಗೆ ಹೆಚ್ಚಾಗಿ, ಸ್ನೇಹಿತರಿಗೆ ಅದಕ್ಕಿಂತ ಕಡಿಮೆ, ಅಪರಿಚಿತರಿಗೆ ತೀರಾ ಕಡಿಮೆ ಅಂಟುತ್ತದೆ ಎಂದು 2011ರಲ್ಲಿ ಪ್ರಕಟಿಸಿದರು. ಚಿಂಪಾಂಜಿಗಳಲ್ಲೂ ತಮ್ಮ ಗುಂಪಿನವರ ಆಕಳಿಕೆಯೇ ಹೆಚ್ಚು ಅಂಟುತ್ತದೆ. ಇದರಿಂದ 'ಅಂಟದವರಿಗೆ ಅನುಕಂಪವಿಲ್ಲ' ಎನ್ನುವವರೆಗೆ ಹೋಗುವುದು ನನ್ನ ಪ್ರಕಾರ ಅನ್ಯಾಯ. ನಮ್ಮವರ ಮುಖವನ್ನು ನಾವು ಹೇಗೂ ಹೆಚ್ಚು ನೋಡುತ್ತೇವಲ್ಲ! 2014ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 328 ಜನರಿಗೆ ಮೂರು ನಿಮಿಷದ ವಿಡಿಯೋ ತೋರಿಸಿದಾಗ ಆಕಳಿಸಿದವರು 222. ಉಳಿದ 106 ಮಂದಿ ಆರೋಗ್ಯವಂತರೇ, ಒಮ್ಮೆಯೂ ಆಕಳಿಸಲಿಲ್ಲ. ಅನುಕಂಪದ ಅಳತೆಗೂ ಇದಕ್ಕೂ ಅಲ್ಲಿ ಗಟ್ಟಿ ನಂಟು ಸಿಗಲಿಲ್ಲ. ದೊಡ್ಡವರಲ್ಲಿ ವಯಸ್ಸು ಹೆಚ್ಚಾದಂತೆ ಅಂಟುವುದು ಕಡಿಮೆ ಎಂಬುದಷ್ಟೇ ಕಂಡದ್ದು.

ಆಕಳಿಕೆ ಹೀಗೆ ಅಂಟುವುದರಿಂದ ಪ್ರಯೋಜನವೇನು ಎಂದರೆ, ನನಗೆ ಹೆಚ್ಚು ಒಪ್ಪಿಗೆಯಾದದ್ದು ಸಿಂಹಗಳ ಉದಾಹರಣೆ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಅದು. ಒಂದು ಸಿಂಹದ ಆಕಳಿಕೆ ಇನ್ನೊಂದಕ್ಕೆ ಅಂಟಿದ ಮೇಲೆ, ಮೊದಲಿನದು ಎದ್ದರೆ ಎರಡನೆಯದೂ ಏಳುತ್ತದೆ, ಅದು ನಡೆದರೆ ಇದೂ ನಡೆಯುತ್ತದೆ. ಗುಂಪಾಗಿ ಬದುಕುವ ಪ್ರಾಣಿಗಳಿಗೆ ಒಟ್ಟಿಗೆ ಮಲಗುವುದೂ ಒಟ್ಟಿಗೆ ಏಳುವುದೂ ಮುಖ್ಯ ತಾನೇ. ಹಾಗಾಗಿ ಈಗ ಮೂರನೇ ಬೆಂಚಿನಿಂದ ಆಕಳಿಕೆ ಹೊರಟಿತೆಂದರೆ ಪುಸ್ತಕ ಮುಚ್ಚಿಸಿ, ಇಡೀ ಕ್ಲಾಸನ್ನು ಒಮ್ಮೆ ಎದ್ದು ನಿಲ್ಲಿಸುತ್ತೇನೆ.