ಓದುಗರ ಪ್ರಶ್ನೋತ್ತರ: ಸಂಸ್ಕೃತಿ ಸಂಸ್ಥೆಗಳಲ್ಲಿ ಹೊಸತನ, ವಿನ್ಯಾಸಕರ ಪಾಲು

ಸಂಸ್ಕೃತಿ ಸಂಸ್ಥೆಗಳು ಮತ್ತು ವಿನ್ಯಾಸ ಕ್ಷೇತ್ರದಲ್ಲಿ ನಡೆಯುತ್ತಿರುವ ಹೊಸ ಪ್ರಯೋಗಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರನ್ನು ಬಿಟ್ಟು ವೃತ್ತಿಯನ್ನಷ್ಟೇ ಸೂಚಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಸಣ್ಣ ವಸ್ತುಸಂಗ್ರಹಾಲಯವೊಂದರ ಸಂಗ್ರಹವನ್ನು ನೋಡಿಕೊಂಡು ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್. ‘ಏನಾದರೂ ಹೊಸದನ್ನು ಮಾಡಿ’ ಎಂದು ಆಡಳಿತ ಮಂಡಳಿ ಒಂದು ಬಾರಿಯ ಅನುದಾನ ಕೊಟ್ಟಿದೆ. ದೊಡ್ಡ ಟಚ್‌ಸ್ಕ್ರೀನ್ ಮೇಜು, ಇಲ್ಲವೇ ವರ್ಚುವಲ್ ರಿಯಾಲಿಟಿ ಕನ್ನಡಕ, ಹೀಗೆ ಎರಡು ಪ್ರಸ್ತಾವಗಳು ಮುಂದಿವೆ. ಯಾವುದನ್ನು ಆರಿಸಬೇಕು? — ಒಬ್ಬ ಕ್ಯುರೇಟರ್

ಎರಡನ್ನೂ ಸದ್ಯಕ್ಕೆ ಬದಿಗಿಟ್ಟು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ನಿಮ್ಮ ಸಂಗ್ರಹದಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ, ಒಂದು ಒಳ್ಳೆಯ ಛಾಯಾಚಿತ್ರ, ಓದಿದರೆ ಅರ್ಥವಾಗುವ ನಾಲ್ಕು ಸಾಲಿನ ವಿವರಣೆ ಇದೆಯೇ? ಇಲ್ಲವೆಂದಾದರೆ ಅನುದಾನ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಇದು ಹೊಸತನದ ಮಾತೇ ಅಲ್ಲವೆಂದು ನಿಮ್ಮ ಆಡಳಿತ ಮಂಡಳಿಗೆ ಅನ್ನಿಸಬಹುದು. ಆದುದರಿಂದ ಅವರ ಮುಂದಿಡಲು ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಕೊಡುತ್ತೇನೆ.

ನ್ಯೂಯಾರ್ಕಿನ ಕೂಪರ್ ಹೆವಿಟ್, ಅಮೆರಿಕದ ಹಲವು ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ವಿನ್ಯಾಸ ವಸ್ತುಸಂಗ್ರಹಾಲಯ. ನವೀಕರಣಕ್ಕಾಗಿ ಮೂರು ವರ್ಷ ಮುಚ್ಚಿದ್ದು 2014ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆದ ಈ ಸಂಸ್ಥೆ, 2015ರಲ್ಲಿ ಟಿಕೆಟ್ಟಿನ ಜೊತೆಗೆ ಸಂದರ್ಶಕರ ಕೈಗೆ ಒಂದು ದಪ್ಪನೆಯ ಪೆನ್ನನ್ನು ಕೊಡತೊಡಗಿತು. ಗ್ಯಾಲರಿಯ ಮಾಹಿತಿ ಫಲಕಗಳ ಮೇಲೆ ಕೂಡಿಸುವ ಚಿಹ್ನೆಯೊಂದು ಇರುತ್ತಿತ್ತು. ಮೆಚ್ಚಿದ ವಸ್ತುವಿನ ಫಲಕಕ್ಕೆ ಪೆನ್ನಿನ ಹಿಂತುದಿಯನ್ನು ಒತ್ತಿದರೆ, ಫಲಕದೊಳಗಿನ ಪುಟ್ಟ ಎಲೆಕ್ಟ್ರಾನಿಕ್ ಚಿಪ್‌ನಿಂದ ಆ ವಸ್ತುವಿನ ಸಂಖ್ಯೆ ಪೆನ್ನಿಗೆ ಬರುತ್ತಿತ್ತು. ಟಿಕೆಟ್ಟಿನಲ್ಲಿ ಆ ಸಂದರ್ಶಕರಿಗಷ್ಟೇ ಮೀಸಲಾದ ಒಂದು ಜಾಲತಾಣದ ವಿಳಾಸ ಅಚ್ಚಾಗಿರುತ್ತಿದ್ದು, ಮನೆಗೆ ಹೋಗಿ ಅದನ್ನು ತೆರೆದರೆ ತಾವು ಆರಿಸಿದ ವಸ್ತುಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತಿದ್ದವು.

ಎಲ್ಲರ ಮಾತೂ ಪೆನ್ನಿನ ಸುತ್ತಲೇ ನಡೆಯಿತು. ಆದರೆ ಆ ಪೆನ್ನು ಹೊತ್ತು ತರುತ್ತಿದ್ದದ್ದು ಒಂದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆಯ ಆಚೆಗೆ ಚಿತ್ರ, ತಯಾರಿಕೆಯ ವಿವರ, ಯಾವುದರಿಂದ ಮಾಡಿದ್ದೆಂಬ ಮಾಹಿತಿ, ಆ ವಸ್ತುವಿಗೆ ನಂಟಿರುವ ಬೇರೆ ವಸ್ತುಗಳು ಸಿದ್ಧವಾಗಿ ಕಾದಿರದಿದ್ದರೆ ಪೆನ್ನಿನಿಂದ ಏನೂ ಆಗುತ್ತಿರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ವಸ್ತುಗಳಿರುವ ಆ ಸಂಸ್ಥೆ ತನ್ನ ಸಂಗ್ರಹದ ದಾಖಲೆಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು 2012ರಲ್ಲಿಯೇ ಬಿಡುಗಡೆ ಮಾಡಿತ್ತು. ಪೆನ್ನು ಬಂದದ್ದು ಆ ಮೇಲೆ. ಈ ಅನುಕ್ರಮವನ್ನು ನಿಮ್ಮ ಮಂಡಳಿಯವರು ಗಮನಿಸಲೇಬೇಕು. ಉಪಕರಣ ಸವೆಯುತ್ತದೆ, ತಂತ್ರಾಂಶ ಹಳತಾಗುತ್ತದೆ. ಶುದ್ಧವಾಗಿ ಬರೆದಿಟ್ಟ ದಾಖಲೆ ಮಾತ್ರ ಇಂದಿನ ಪೆನ್ನಿಗೂ ನಾಳೆ ಬರುವ ಬೇರಾವುದೋ ಸಾಧನಕ್ಕೂ ಒದಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಅನುಭವ ಕಾರಣ. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರ ಸಲಹಾ ಸಮಿತಿಯಲ್ಲಿದ್ದಾಗ ಟಚ್‌ಸ್ಕ್ರೀನ್ ಮೇಜಿಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ಉದ್ಘಾಟನೆಯ ದಿನ ಮಕ್ಕಳು ಅದರ ಸುತ್ತ ಮುತ್ತಿಕೊಂಡಿದ್ದರು. ಎರಡನೆಯ ವರ್ಷ ಹೋದಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಕರಪತ್ರಗಳನ್ನು ಜೋಡಿಸಿದ್ದರು. ಮೇಜಿನಲ್ಲಿ ತುಂಬಿದ್ದದ್ದು ನಲವತ್ತು ವಸ್ತುಗಳ ಮಾಹಿತಿ ಮಾತ್ರ. ಹೊಸದನ್ನು ಸೇರಿಸುವ ವಿಧಾನ ಸಿಬ್ಬಂದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ, ದುರಸ್ತಿಗೆಂದು ಹಣವನ್ನೂ ತೆಗೆದಿರಿಸಿರಲಿಲ್ಲ. ತಪ್ಪು ಮೇಜಿನದಲ್ಲ, ಕೇಳಬೇಕಾದದ್ದನ್ನು ಕೇಳದೆ ಸಹಿ ಹಾಕಿದ ನಮ್ಮದು.

ಪ್ರಶ್ನೆ: ಪ್ರದರ್ಶನದ ಎಲ್ಲ ತೀರ್ಮಾನಗಳೂ ಆದ ಮೇಲೆ ‘ಇದನ್ನು ಚೆಂದ ಮಾಡಿಕೊಡಿ’ ಎಂದು ನಮ್ಮನ್ನು ಕರೆಯುತ್ತಾರೆ. ವಿನ್ಯಾಸಕರಿಗೆ ಮೊದಲಿನಿಂದಲೂ ಪಾಲು ಸಿಗುವಂತೆ ಮಾಡುವುದು ಹೇಗೆ? — ಗ್ರಾಫಿಕ್ ವಿನ್ಯಾಸಕಿ

ನಿಮ್ಮ ಬೇಸರ ನ್ಯಾಯವಾದದ್ದು. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2004ರ ಸುಮಾರಿಗೆ ರೂಪಿಸಿದ, ವಿನ್ಯಾಸದ ಹಂತಗಳನ್ನು ಎರಡು ವಜ್ರಾಕೃತಿಗಳಲ್ಲಿ ತೋರಿಸುವ ‘ಜೋಡಿ ವಜ್ರ’ದ ಚಿತ್ರ ನಿಮಗೆ ಗೊತ್ತಿರಲೇಬೇಕು. ಮೊದಲ ವಜ್ರ ಸಮಸ್ಯೆಯನ್ನು ಹುಡುಕಿ ಖಚಿತಪಡಿಸಿಕೊಳ್ಳುವುದಕ್ಕೆ, ಎರಡನೆಯದು ಪರಿಹಾರವನ್ನು ಬೆಳೆಸಿ ಜನರಿಗೆ ತಲುಪಿಸುವುದಕ್ಕೆ. ಸಂಸ್ಕೃತಿ ಸಂಸ್ಥೆಗಳು ವಿನ್ಯಾಸಕರನ್ನು ಕರೆಯುವುದು ಎರಡನೆಯ ವಜ್ರದ ಕೊನೆಯ ಮೂಲೆಗೆ ಬಂದಾಗ. ಸಮಸ್ಯೆ ಯಾವುದೆಂಬುದು ಅಷ್ಟರೊಳಗೆ ಯಾವುದೋ ಸಭೆಯಲ್ಲಿ, ಸಂದರ್ಶಕರಲ್ಲಿ ಒಬ್ಬರನ್ನೂ ಕೇಳದೆ ನಿರ್ಧಾರವಾಗಿರುತ್ತದೆ.

ಈ ಚಿತ್ರವನ್ನು ತೋರಿಸಿ ವಾದಿಸಿದರೆ ಕ್ಯುರೇಟರುಗಳು ಮನಸ್ಸು ಬದಲಿಸುತ್ತಾರೆಂಬ ನಂಬಿಕೆ ನನಗಿಲ್ಲ. ಅದಕ್ಕಿಂತ ಫಲಕಾರಿಯಾದದ್ದು ಒಂದು ಮಧ್ಯಾಹ್ನದ ಕೆಲಸ. ಮುಂದಿನ ಪ್ರದರ್ಶನಕ್ಕೆ ಬರೆದ ಯಾವುದಾದರೂ ಒಂದು ಫಲಕದ ಪಠ್ಯವನ್ನು ಮಾಮೂಲಿ ಕಾಗದದಲ್ಲಿ ಮುದ್ರಿಸಿ, ಅಂಟುಪಟ್ಟಿಯಿಂದ ಗೋಡೆಗೆ ಅಂಟಿಸಿ, ಕ್ಯುರೇಟರನ್ನೂ ಕರೆದುಕೊಂಡು ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ. ಬಂದವರು ಎಲ್ಲಿ ನಿಲ್ಲುತ್ತಾರೆ, ಎಷ್ಟನೆಯ ಸಾಲಿನಲ್ಲಿ ಕಣ್ಣು ಕೀಳುತ್ತಾರೆ, ಓದಿದ ಮೇಲೆ ವಸ್ತುವಿನತ್ತ ಮತ್ತೊಮ್ಮೆ ನೋಡುತ್ತಾರೆಯೇ ಎಂಬುದನ್ನು ಗಮನಿಸಿ. ನಂತರ ಒಬ್ಬಿಬ್ಬರನ್ನು ಮಾತನಾಡಿಸಿ. ಹತ್ತು ಮಂದಿ ಹಾದುಹೋಗುವಷ್ಟರಲ್ಲಿ ಪಠ್ಯದ ಯಾವ ಸಾಲು ಬೇಡವೆಂಬುದು ಕ್ಯುರೇಟರಿಗೆ ತಾವಾಗಿಯೇ ಹೊಳೆಯುತ್ತದೆ, ಮತ್ತು ಮುಂದಿನ ಬಾರಿ ಅವರೇ ನಿಮ್ಮನ್ನು ಮುಂಚಿತವಾಗಿ ಕರೆಯುತ್ತಾರೆ.

ಇನ್ನೊಂದು ಮಾತನ್ನು ವಿನ್ಯಾಸಕರಾದ ನಿಮಗೂ ಹೇಳಬೇಕು. ಸಂರಕ್ಷಣೆಯ ಲೆಕ್ಕಗಳನ್ನು ಕಲಿಯಿರಿ. ಬಟ್ಟೆ, ಜಲವರ್ಣ, ಹಸ್ತಪ್ರತಿಗಳಂತಹ ಬೆಳಕಿಗೆ ಬೇಗ ಮಾಸುವ ವಸ್ತುಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಿಸುವುದಿಲ್ಲ. ಕಂಪ್ಯೂಟರಿನ ಹೊಳೆಯುವ ಪರದೆಯ ಮೇಲೆ ಸೊಗಸಾಗಿ ಕಂಡ ತೆಳು ಬೂದು ಅಕ್ಷರ ಆ ಮಬ್ಬಿನಲ್ಲಿ ಕಾಣುವುದೇ ಇಲ್ಲ. ಅರವತ್ತು ದಾಟಿದ ಕಣ್ಣಿಗಂತೂ ಅದು ಖಾಲಿ ಫಲಕ. ಗಾಲಿಕುರ್ಚಿಯಲ್ಲಿ ಕುಳಿತವರಿಗೂ ನಿಂತವರಿಗೂ ಓದಲು ಆಗಬೇಕೆಂಬ ಕಾರಣಕ್ಕೆ ಸ್ಮಿತ್ಸೋನಿಯನ್ ಸಂಸ್ಥೆಯ ಮಾರ್ಗಸೂಚಿ ಗೋಡೆಯ ಫಲಕದ ನಡುಗೆರೆಯನ್ನು ನೆಲದಿಂದ 54 ಇಂಚಿನ ಎತ್ತರದಲ್ಲಿ ಇಡಲು ಹೇಳುತ್ತದೆ. ಮೊದಲ ಸಭೆಯಲ್ಲಿಯೇ ಇಂತಹ ಅಂಕಿಗಳನ್ನು ಹೇಳಬಲ್ಲ ವಿನ್ಯಾಸಕಿಯನ್ನು ಯಾರೂ ಅಲಂಕಾರಕ್ಕೆ ಕರೆಸಿದವರೆಂದು ಭಾವಿಸುವುದಿಲ್ಲ.

ಪ್ರಶ್ನೆ: ಸಂಗ್ರಹದ ಚಿತ್ರಗಳನ್ನೆಲ್ಲ ಉಚಿತವಾಗಿ ಅಂತರಜಾಲದಲ್ಲಿ ಹಾಕಿಬಿಟ್ಟರೆ ಜನ ಇಲ್ಲಿಗೆ ಏಕೆ ಬರುತ್ತಾರೆ? ಚಿತ್ರಗಳ ಮಾರಾಟದಿಂದ ಬರುವ ಆದಾಯವೂ ಹೋಗುವುದಿಲ್ಲವೇ? — ಟ್ರಸ್ಟೊಂದರ ಸದಸ್ಯರು

ಈ ಆತಂಕಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಕಂಡುಕೊಂಡ ಸಂಗತಿಯೇ ಒಳ್ಳೆಯ ಉತ್ತರ. ವರ್ಮೀರ್ ಎಂಬ ಚಿತ್ರಕಾರ ಬಿಡಿಸಿದ, ಪಾತ್ರೆಗೆ ಹಾಲು ಸುರಿಯುತ್ತಿರುವ ಹೆಣ್ಣಿನ ಚಿತ್ರ ಅಲ್ಲಿದೆ. ಅದರ ಹತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಅಂತರಜಾಲದಲ್ಲಿ ಹರಡಿಕೊಂಡಿದ್ದವು. ಬಹುಪಾಲು ಹಳದಿಗಟ್ಟಿದ ಕಳಪೆ ಪ್ರತಿಗಳು. ಮ್ಯೂಸಿಯಂನ ಅಂಗಡಿಯಲ್ಲಿ ಸರಿಯಾದ ಬಣ್ಣದ ಅಂಚೆ ಕಾರ್ಡನ್ನು ನೋಡಿದವರು ಅದನ್ನೇ ನಂಬದಂತಾಯಿತು. ಅಂದರೆ ಚಿತ್ರವನ್ನು ಬಚ್ಚಿಟ್ಟುಕೊಂಡದ್ದರಿಂದ ಅದು ಹರಡುವುದು ನಿಲ್ಲಲಿಲ್ಲ, ಕೆಟ್ಟ ಪ್ರತಿಯೇ ಅಸಲಿನ ಜಾಗದಲ್ಲಿ ಕುಳಿತಿತು. 2012ರಲ್ಲಿ ಆ ಸಂಸ್ಥೆ ಸುಮಾರು 1,25,000 ಕೃತಿಗಳ ಉತ್ತಮ ಗುಣಮಟ್ಟದ ಚಿತ್ರಗಳನ್ನು ‘ರೈಕ್ಸ್‌ಸ್ಟುಡಿಯೊ’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ಒಪ್ಪಿಸಿತು, ಅವುಗಳನ್ನು ಕತ್ತರಿಸಿ ಜೋಡಿಸಿ ಹೊಸದನ್ನು ಮಾಡಿರೆಂದು ಕರೆದಿತು, ಹಾಗೆ ಮಾಡಿದ ವಿನ್ಯಾಸಕರಿಗೆ ಪ್ರಶಸ್ತಿಯನ್ನೂ ಏರ್ಪಡಿಸಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000 ಚಿತ್ರಗಳನ್ನೂ ಸ್ಮಿತ್ಸೋನಿಯನ್ ಸಂಸ್ಥೆ 2020ರಲ್ಲಿ 28 ಲಕ್ಷ ಚಿತ್ರಗಳನ್ನೂ ಇದೇ ರೀತಿ ಮುಕ್ತಗೊಳಿಸಿದವು. ಚಿತ್ರ ಮಾರಾಟದ ಆದಾಯವನ್ನು ಲೆಕ್ಕ ಹಾಕುವಾಗ ಅರ್ಜಿಗಳನ್ನು ಪರಿಶೀಲಿಸಿ, ರಸೀದಿ ಬರೆದು, ಕಡತ ಕಳುಹಿಸುವ ಸಿಬ್ಬಂದಿಯ ವೇಳೆಯನ್ನೂ ಅದರಿಂದ ಕಳೆಯಿರಿ. ಉಳಿಯುವ ಮೊತ್ತವನ್ನು ನೋಡಿದ ಮೇಲೆ ನಿಮ್ಮ ಟ್ರಸ್ಟಿನಲ್ಲಿ ಚರ್ಚೆ ಸುಲಭವಾಗುತ್ತದೆ.

ಆದರೆ ಮುಕ್ತತೆಗೆ ಒಂದು ಗಡಿ ಇದೆ, ಅದನ್ನು ದಾಟಬಾರದು. ಕೃತಿಸ್ವಾಮ್ಯದ ಅವಧಿ ಮುಗಿದಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಎಲ್ಲರಿಗೂ ತೋರಿಸುವ ಹಕ್ಕು ಸಂಸ್ಥೆಗೆ ಬಂದುಬಿಡುವುದಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವರುಮುಂಗು ಸಮುದಾಯದ ಜೊತೆ ಕುಳಿತು ಕಟ್ಟಿದ ‘ಮುಕುರ್ತು’ ಎಂಬ ದಾಖಲೆ ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು ಯಾರು ನೋಡಬಹುದು, ಯಾವುದು ಹೆಂಗಸರಿಗೆ ಮಾತ್ರ, ಯಾವುದು ಹಿರಿಯರಿಗೆ ಮಾತ್ರ ಎಂಬಂಥ ಕಟ್ಟಳೆಗಳನ್ನು ಸಮುದಾಯವೇ ನಿರ್ಧರಿಸುತ್ತದೆ. ಅವರ ಭಾಷೆಯಲ್ಲಿ ಮುಕುರ್ತು ಎಂದರೆ ಪವಿತ್ರ ವಸ್ತುಗಳನ್ನು ಜೋಪಾನವಾಗಿಡುವ ಚೀಲ. ಬಾಗಿಲು ತೆರೆಯುವುದರಲ್ಲಷ್ಟೇ ಹೊಸತನವನ್ನು ಕಾಣುವ ತಂತ್ರಜ್ಞರು ಈ ವ್ಯವಸ್ಥೆಯನ್ನು ಒಮ್ಮೆಯಾದರೂ ಅಭ್ಯಾಸ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಪ್ರಶ್ನೆ: ವಿನ್ಯಾಸ ಮ್ಯೂಸಿಯಂಗಳು ಈಗ ಚಿಹ್ನೆಗಳನ್ನೂ ವಿಡಿಯೊ ಗೇಮ್‌ಗಳನ್ನೂ ಸಂಗ್ರಹಿಸುತ್ತಿವೆಯಂತೆ. ಇದು ಪ್ರಚಾರದ ತಂತ್ರವಲ್ಲವೇ? — ವಿನ್ಯಾಸ ವಿದ್ಯಾರ್ಥಿ

ಹಾಗೆಂದು ನಾನು ಭಾವಿಸುವುದಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 2010ರಲ್ಲಿ ಇಮೇಲ್ ವಿಳಾಸದ ‘ಅಟ್’ ಚಿಹ್ನೆಯನ್ನೂ 2012ರಲ್ಲಿ 14 ವಿಡಿಯೊ ಗೇಮ್‌ಗಳನ್ನೂ 2016ರಲ್ಲಿ 176 ಮೂಲ ಇಮೋಜಿಗಳನ್ನೂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಕೈಯಲ್ಲಿ ಹಿಡಿಯಲಾಗದ್ದೂ ವಿನ್ಯಾಸವೇ, ಅದನ್ನೂ ಉಳಿಸಿಕೊಳ್ಳಬೇಕು ಎಂಬ ಒಪ್ಪಿಗೆ ಇದರಲ್ಲಿದೆ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 2014ರಲ್ಲಿ ಆರಂಭಿಸಿದ ಕ್ಷಿಪ್ರ ಸಂಗ್ರಹಣೆ. ಸುದ್ದಿಯಲ್ಲಿರುವ ಘಟನೆಯೊಂದಕ್ಕೆ ಸಾಕ್ಷಿಯಾಗಬಲ್ಲ ವಸ್ತುವನ್ನು, ವರ್ಷಗಟ್ಟಲೆ ಕಾಯದೆ, ಆಗಲೇ ತಂದು ಪ್ರದರ್ಶನಕ್ಕಿಡುವ ಕ್ರಮ ಅದು. 2013ರಲ್ಲಿ ಬಾಂಗ್ಲಾದೇಶದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಸತ್ತ ಬಳಿಕ ಆ ಮ್ಯೂಸಿಯಂ ಸಂಗ್ರಹಿಸಿದ ವಸ್ತುಗಳಲ್ಲಿ ಅಗ್ಗದ ಪ್ಯಾಂಟೊಂದಿತ್ತು. ಅದರ ಹೊಲಿಗೆಯಲ್ಲಿ ವಿಶೇಷವೇನೂ ಇಲ್ಲ. ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ಗಾಜಿನ ಪೆಟ್ಟಿಗೆಯೊಳಗೆ ಅದನ್ನು ಕಂಡವರು ತಾವು ತೊಟ್ಟಿರುವ ಬಟ್ಟೆಯನ್ನು ಹೊಲಿದವರಾರು ಎಂದು ಯೋಚಿಸದೆ ಮುಂದೆ ಹೋಗಲಾರರು.

ಪ್ರಶ್ನೆ: ನಮ್ಮ ವಸ್ತುಗಳಲ್ಲಿ ಬಹುಪಾಲು ಉಗ್ರಾಣದಲ್ಲಿಯೇ ಇವೆ, ಹೊಸ ಗ್ಯಾಲರಿ ಕಟ್ಟಲು ಜಾಗವಿಲ್ಲ. ಇದಕ್ಕೆ ದಾರಿ ಇದೆಯೇ? ಹಾಗೆಯೇ, ವಿನ್ಯಾಸ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಏನನ್ನು ಗಮನಿಸಬೇಕು? — ಆಡಳಿತಾಧಿಕಾರಿ

ಉಗ್ರಾಣವನ್ನೇ ತೆರೆಯುವುದು ಒಂದು ದಾರಿ. ರಾಟರ್‌ಡ್ಯಾಮಿನ ಬೊಯ್ಮಾನ್ಸ್ ಮ್ಯೂಸಿಯಂ 2021ರ ನವೆಂಬರಿನಲ್ಲಿ ಸುಮಾರು 1,51,000 ವಸ್ತುಗಳಿರುವ ತನ್ನ ಉಗ್ರಾಣದ ಕಟ್ಟಡವನ್ನು ಜನರಿಗೆ ತೆರೆಯಿತು. ಅಲ್ಲಿ ವಸ್ತುಗಳನ್ನು ಕಾಲಾನುಕ್ರಮದಲ್ಲಿ ಇಟ್ಟಿಲ್ಲ. ಲೋಹ, ಕಾಗದ, ಛಾಯಾಚಿತ್ರ ಇತ್ಯಾದಿಗಳಿಗೆ ಬೇಕಾದ ಉಷ್ಣತೆ ಮತ್ತು ತೇವಾಂಶಕ್ಕೆ ಅನುಗುಣವಾಗಿ ಇಟ್ಟಿದ್ದಾರೆ. ಲಂಡನ್ನಿನಲ್ಲಿ 2025ರ ಮೇ 31ರಂದು ತೆರೆದ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಉಗ್ರಾಣವಾದ ವಿ ಆ್ಯಂಡ್ ಎ ಈಸ್ಟ್ ಸ್ಟೋರ್‌ಹೌಸ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಎರಡು ವಾರ ಮೊದಲು ತಿಳಿಸಿದರೆ ಯಾರು ಬೇಕಾದರೂ ಐದು ವಸ್ತುಗಳವರೆಗೆ ಆರಿಸಿ, ಮೇಜಿನ ಮೇಲೆ ತರಿಸಿಕೊಂಡು, ಹತ್ತಿರದಿಂದ ನೋಡಬಹುದು. ಇದಕ್ಕೆ ಸಂಶೋಧಕರಾಗಿರಬೇಕೆಂಬ ನಿಯಮವಿಲ್ಲ. ಕಟ್ಟಡ ನಿಮ್ಮಿಂದಾಗದಿರಬಹುದು, ಆದರೆ ವಾರಕ್ಕೊಂದು ಮಧ್ಯಾಹ್ನ, ಒಂದು ಮೇಜು, ವಸ್ತುವನ್ನು ಹಿಡಿಯುವ ತರಬೇತಿ ಪಡೆದ ಇಬ್ಬರು ಸಿಬ್ಬಂದಿ, ಇಷ್ಟಿದ್ದರೆ ಈ ಕ್ರಮವನ್ನು ಮುಂದಿನ ತಿಂಗಳೇ ಆರಂಭಿಸಬಹುದು. ಇದಕ್ಕೂ ಜನ ನೋಡಿ ಆರಿಸಬಲ್ಲಂತಹ ಪಟ್ಟಿ ಬೇಕೆಂಬುದನ್ನು ಮೊದಲ ಉತ್ತರವನ್ನು ಓದಿದವರಿಗೆ ಮತ್ತೆ ಹೇಳಬೇಕಾಗಿಲ್ಲ.

ಒಪ್ಪಂದದ ವಿಷಯ. ವಿನ್ಯಾಸದ ಮೂಲ ಕಡತಗಳು, ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್), ಬಳಸಿದ ಅಕ್ಷರಶೈಲಿಗಳ ಪರವಾನಗಿ ಕೆಲಸ ಮುಗಿದ ದಿನ ಸಂಸ್ಥೆಯ ಕೈಗೆ ಬರಬೇಕೆಂದು ಸ್ಪಷ್ಟವಾಗಿ ಬರೆಸಿ. ಒಟ್ಟು ಮೊತ್ತದಲ್ಲಿ ಒಂದು ಭಾಗವನ್ನು ಉದ್ಘಾಟನೆಯ ನಂತರದ ತಿದ್ದುಪಡಿಗಳಿಗೆಂದೇ ಕಾದಿರಿಸಿ, ಏಕೆಂದರೆ ಸಂದರ್ಶಕರು ಬರಲಾರಂಭಿಸಿದ ಮೇಲೆಯೇ ನಿಜವಾದ ದೋಷಗಳು ಗೊತ್ತಾಗುತ್ತವೆ. ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರು, ವಿನ್ಯಾಸಕರು ಪಕ್ಕದಲ್ಲಿ ಸುಮ್ಮನೆ ನಿಂತಿರುವಾಗ, ಹೊಸ ವಸ್ತುವೊಂದರ ಚಿತ್ರ ಮತ್ತು ವಿವರವನ್ನು ತಾವೇ ಸೇರಿಸಿ ತೋರಿಸಬೇಕು. ಅದು ಆಗುವವರೆಗೆ ಕೊನೆಯ ಕಂತನ್ನು ಕೊಡಬೇಡಿ.