ಸಂಪಾದಕರ ಉತ್ತರ: ಎದುರು ಮಾತಾಡದವಳಿಗೆ ‘ಜವಾಬ್ದಾರಿ ಇಲ್ಲ’ ಎಂದರೆ?

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ‘ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದೇನೆ, ಶೇ. 84 ಅಂಕ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾರೆ. ಪಣಂಬೂರಿನ ಹತ್ತಿರ, ಬಂದರಿಗೆ ಬರುವ ಸರಕಿನ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮೂರು ತಿಂಗಳಲ್ಲಿ ಒಂದು ರಜೆ ಹಾಕಲಿಲ್ಲ, ಯಾರಿಗೂ ಎದುರು ಮಾತಾಡಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಪ್ರೊಬೇಷನ್ ಮುಗಿದ ದಿನ ಮ್ಯಾನೇಜರ್ ಕರೆದು ಜವಾಬ್ದಾರಿ ಇಲ್ಲ, ನಾಳೆಯಿಂದ ಬರುವುದು ಬೇಡ ಎಂದರು. ನನ್ನ ಇಂಗ್ಲಿಷ್ ಸಾಲದೇ? ಕಾಲೇಜು ಸಾಲದೇ? ಈ ಕಂಪನಿಯವರಿಗೆ ಬೇಕಾಗಿರುವುದಾದರೂ ಏನು?’

ಪ್ರಿಯ ತಂಗಿ,

ನಿಮ್ಮ ಪತ್ರ ಓದಿ ಬೇಸರವಾಯಿತು. ಬೇಸರ ನಿಮ್ಮ ಮೇಲಲ್ಲ. ಮೂರು ತಿಂಗಳು ದುಡಿಸಿಕೊಂಡು ಕೊನೆಯ ದಿನ ಒಂದೇ ಮಾತಿನಲ್ಲಿ ಕಳಿಸಿಬಿಡುವ ಪದ್ಧತಿಯ ಮೇಲೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಗ್ಲಿಷು, ಸರ್ಕಾರಿ ಕಾಲೇಜು ಎರಡನ್ನೂ ಮೊದಲು ಬದಿಗಿಡಿ. ನಿಮ್ಮನ್ನು ಸೇರಿಸಿಕೊಳ್ಳುವಾಗಲೇ ಅವರಿಗೆ ಎರಡೂ ಗೊತ್ತಿತ್ತು. ಗೊತ್ತಿದ್ದೂ ತೆಗೆದುಕೊಂಡವರು ಮೂರು ತಿಂಗಳ ಮೇಲೆ ಅದೇ ಕಾರಣಕ್ಕೆ ಬಿಡಿಸುವುದಿಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ, ಮೂರನೆಯ ಪುಟದಲ್ಲಿ, ನೀವು ಹೋಗುತ್ತ ಹೋಗುತ್ತ ಬರೆದುಬಿಟ್ಟ ಒಂದು ಘಟನೆಯಲ್ಲಿ.

ಆಮದಾಗಿ ಬಂದ ಗೇರುಬೀಜದ ಒಂದು ಫೈಲು ನಿಮ್ಮ ಕೈಗೆ ಬಂತು. ಸರಕು ಕಳಿಸಿದವರ ಪ್ಯಾಕಿಂಗ್ ಲಿಸ್ಟಿನಲ್ಲಿ ಒಂದು ತೂಕ, ಹಡಗಿನವರು ಕೊಡುವ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗಿನಲ್ಲಿ ಇನ್ನೊಂದು ತೂಕ. ನೀವು ಅದನ್ನು ಗಮನಿಸಿದಿರಿ. ‘ಸೀನಿಯರ್‌ಗಳು ನೋಡಿಯೇ ಇರುತ್ತಾರೆ, ನಾನು ಹೇಳಿದರೆ ಅಧಿಕಪ್ರಸಂಗ ಆಗುತ್ತದೆ’ ಎಂದು ಸುಮ್ಮನಾದಿರಿ, ಕೊಟ್ಟದ್ದನ್ನು ಹಾಗೇ ಟೈಪ್ ಮಾಡಿದಿರಿ. ಆಮೇಲೆ ಕಸ್ಟಮ್ಸ್‌ನಿಂದ ಪ್ರಶ್ನೆ ಬಂತು, ಸರಕು ಬಂದರಿನಲ್ಲೇ ನಿಂತಿತು. ಮ್ಯಾನೇಜರ್ ಕೇಳಿದಾಗ ನೀವು ಪ್ರಾಮಾಣಿಕವಾಗಿ ‘ನೋಡಿದ್ದೆ ಸರ್’ ಎಂದಿರಿ.

ಆ ಉತ್ತರ ಕೇಳಿದ ಮ್ಯಾನೇಜರ್ ಮನಸ್ಸಿನಲ್ಲಿ ಏನಾಗಿರಬಹುದು ಎಂದು ಊಹಿಸಿ. ನೋಡಿಲ್ಲ ಎಂದಿದ್ದರೆ ಹೊಸಬಳು, ಕಲಿಯುತ್ತಾಳೆ ಎಂದುಕೊಳ್ಳುತ್ತಿದ್ದರು. ನೋಡಿಯೂ ಹೇಳಲಿಲ್ಲ ಎಂದಾಗ, ಇನ್ನು ಇವಳ ಕೈಗೆ ಕೊಟ್ಟ ಪ್ರತಿಯೊಂದು ಕಾಗದವನ್ನೂ ನಾನೇ ಮತ್ತೆ ನೋಡಬೇಕು ಎಂಬ ತೀರ್ಮಾನಕ್ಕೆ ಬಂದರು. ‘ಜವಾಬ್ದಾರಿ ಇಲ್ಲ’ ಎಂದದ್ದು ಅದಕ್ಕೇ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಬಹುಶಃ ಅವರಿಗೂ ಇರಲಿಲ್ಲ.

ನೀವು ಸೇರಿದ್ದ ಕೆಲಸವೇ ಅಂಥದ್ದು, ಸಣ್ಣ ತಪ್ಪಿಗೂ ದೊಡ್ಡ ಬೆಲೆ. ಸಿಪ್ಪೆ ಸಮೇತ ಬರುವ ಗೇರುಬೀಜಕ್ಕೆ ಕಸ್ಟಮ್ಸ್‌ನ ಸಂಕೇತ ಸಂಖ್ಯೆ 080131ರಿಂದ ಶುರುವಾಗುತ್ತದೆ, ಸುಲಿದ ತಿರುಳಿನದ್ದು 080132ರಿಂದ. ಬೇರೆ ಇರುವುದು ಒಂದೇ ಅಂಕಿ, ಸುಂಕದಲ್ಲಿ ಅಜಗಜಾಂತರ. ಆಮದು ಸರಕಿನ ವಿವರವನ್ನು ಕಸ್ಟಮ್ಸ್‌ಗೆ ಘೋಷಿಸುವ ಬಿಲ್ ಆಫ್ ಎಂಟ್ರಿಯನ್ನು ಒಮ್ಮೆ ಸಲ್ಲಿಸಿದ ಮೇಲೆ ನಮಗೆ ಬೇಕೆಂದಾಗ ತಿದ್ದಲು ಬರುವುದಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ನಿನ ಪ್ರಕಾರ ಅನುಮತಿ ಪಡೆಯಬೇಕು. ಹಾಗೆಂದು ಸಲ್ಲಿಸುವುದನ್ನೇ ತಡ ಮಾಡಿದರೆ ಮೊದಲ 3 ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000 ತೆರಬೇಕು. ಬಂದರಿನ ಬಾಡಿಗೆ, ಕಂಟೇನರಿನ ಬಾಡಿಗೆ ಬೇರೆ. ಇದನ್ನೆಲ್ಲ ಸೇರಿದ ದಿನವೇ ನೀವು ತಿಳಿದಿರಬೇಕೆಂದು ಯಾರೂ ಬಯಸುವುದಿಲ್ಲ. ಫೈಲು ಹಿಡಿದುಕೊಂಡು ಹೋಗಿ ‘ಸರ್, ಈ ಎರಡು ಕಾಗದದಲ್ಲಿ ತೂಕ ತಾಳೆ ಆಗ್ತಾ ಇಲ್ಲ, ಒಮ್ಮೆ ನೋಡ್ತೀರಾ?’ ಎಂದರೆ ಸಾಕಿತ್ತು. ಅದು ಎದುರು ಮಾತಲ್ಲ, ಆ ಆಫೀಸಿನಲ್ಲಿ ನೀವು ಮಾಡಬಹುದಾಗಿದ್ದ ಅತಿ ದೊಡ್ಡ ಕೆಲಸ.

ಇದರಲ್ಲಿ ನಿಮ್ಮೊಬ್ಬರ ತಪ್ಪು ಕಾಣುವುದು ನನ್ನಿಂದಾಗದು. ನಮ್ಮ ಕಡೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ ಎಂದೇ ಬೆಳೆಸುತ್ತೇವೆ. ಶಾಲೆಯಲ್ಲಿ ಸದ್ದು ಮಾಡದೆ ಕುಳಿತವರು ಒಳ್ಳೆಯ ಮಕ್ಕಳು. ಹದಿನೈದು ವರ್ಷ ಹೀಗೆ ತಿದ್ದಿ, ಇಪ್ಪತ್ತೊಂದನೆಯ ವಯಸ್ಸಿಗೆ ಒಂದು ಕಂಪ್ಯೂಟರಿನ ಮುಂದೆ ಕೂರಿಸಿ ‘ಯಾಕೆ ಹೇಳಲಿಲ್ಲ?’ ಎಂದು ಕೇಳುತ್ತೇವೆ. ಯಾರಾದರೂ ಮೊದಲೇ ಹೇಳಬೇಕಿತ್ತು: ಮನೆಯಲ್ಲಿ ಮರ್ಯಾದೆ ಎನಿಸಿಕೊಂಡ ಮೌನ ಆಫೀಸಿನಲ್ಲಿ ಉದಾಸೀನವಾಗಿ ಕಾಣುತ್ತದೆ ಎಂದು.

ಹೊಸಬರಿಂದ ಮಾಲೀಕರು ಬಯಸುವುದರಲ್ಲಿ ಮುಕ್ಕಾಲು ಪಾಲು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ: ಆದದ್ದು, ಆಗದ್ದು, ಅರ್ಥವಾಗದ್ದು ಮೂರನ್ನೂ ಕೇಳುವ ಮೊದಲೇ ಹೇಳುವುದು. ಸಮಯಪಾಲನೆ ಎನ್ನುತ್ತಾರಲ್ಲ, ಅದೂ ಇದರೊಳಗೇ ಬರುತ್ತದೆ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವ ಯಾರಿಗೂ ಮಳೆಗಾಲದ ಹೆದ್ದಾರಿಯ ಬಗ್ಗೆ ಪಾಠ ಬೇಡ. ಪಡುಬಿದ್ರಿಯಲ್ಲಿ ಬ್ಲಾಕ್ ಆದರೆ ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಒಂಬತ್ತೂವರೆಯ ಆಫೀಸಿಗೆ ಒಂಬತ್ತಕ್ಕೇ ‘ಬಸ್ಸು ಪಡುಬಿದ್ರಿಯಲ್ಲಿ ನಿಂತಿದೆ, ಹತ್ತು ಆಗಬಹುದು’ ಎಂದು ಒಂದು ಮೆಸೇಜ್ ಹಾಕುವುದು ನಿಮ್ಮ ಕೈಯಲ್ಲಿದೆ. ಹತ್ತು ಗಂಟೆಗೆ ಓಡುತ್ತ ಬಂದು ಕಾರಣ ಹೇಳುವವರಿಗಿಂತ ಈ ಮೆಸೇಜ್ ಹಾಕಿದವರ ಮೇಲೆ ಭರವಸೆ ಹೆಚ್ಚು. ಬೆಳಗಿನ ಕೆಲಸವನ್ನು ಆಗಲೇ ಇನ್ನೊಬ್ಬರಿಗೆ ಹಂಚಬಹುದು.

ನಮ್ಮ ಪತ್ರಿಕೆಗೂ ಹೊಸಬರು ಸೇರುತ್ತಾರೆ, ಹಾಗಾಗಿ ಮೇಜಿನ ಈಚೆ ಬದಿಯ ಮಾತನ್ನೂ ಹೇಳುತ್ತೇನೆ. ಒಬ್ಬ ಹುಡುಗನಿಗೆ ಲೇಖನವೊಂದರ ಕರಡು ತಿದ್ದಲು ಕೊಟ್ಟಿದ್ದೆ. ವಾಪಸು ಬಂದ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಪ್ರಶ್ನಾರ್ಥಕ ಚಿಹ್ನೆಗಳು. ಒಂದರ ಪಕ್ಕ ‘ಈ ಇಸವಿ ಮೊದಲ ಪ್ಯಾರಾದಲ್ಲಿ ಬೇರೆ ಇದೆ’, ಇನ್ನೊಂದರ ಪಕ್ಕ ‘ಊರಿನ ಹೆಸರು ಗೊತ್ತಾಗಲಿಲ್ಲ, ಲೇಖಕರಿಗೆ ಫೋನ್ ಮಾಡಲೇ?’ ಆತನ ಕಾಗುಣಿತ ಆಗ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಮರುದಿನದಿಂದ ಮುಖ್ಯ ಪುಟಗಳು ಅವನ ಮೇಜಿಗೆ ಹೋದವು. ಕಾಗುಣಿತವನ್ನು ಆರು ತಿಂಗಳಲ್ಲಿ ಕಲಿಸಬಹುದು.

ಈ ಜಿಲ್ಲೆಗೆ ಇದು ಹೊಸ ವಿದ್ಯೆಯೂ ಅಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಹೋಗಿ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಇದೆ. ಮೀನು ಮಾರುವ ಹೆಂಗಸು ತನ್ನ ಚಿಲ್ಲರೆಯನ್ನು ಆ ಏಜೆಂಟರ ಕೈಗೆ ಕೊಟ್ಟದ್ದು ಅವರ ಡಿಗ್ರಿ ನೋಡಿ ಅಲ್ಲ. ಕೊಟ್ಟದ್ದು ಕಣ್ಣೆದುರೇ ಪುಸ್ತಕದಲ್ಲಿ ಏರುತ್ತಿತ್ತು, ಇವತ್ತು ಬರಲಾಗದವರು ನಾಳೆ ಬಂದು ಯಾಕೆಂದು ಹೇಳುತ್ತಿದ್ದರು.

ಉಳಿದದ್ದು ಚಿಕ್ಕದು. ಎಕ್ಸೆಲ್‌ನಲ್ಲಿ ಮೊತ್ತ ಹಾಕುವುದು, ಬೇಕಾದ ಸಾಲುಗಳನ್ನಷ್ಟೇ ಸೋಸುವುದು (ಫಿಲ್ಟರ್), ಎರಡು ಪಟ್ಟಿ ತಾಳೆ ನೋಡುವುದು ಬಂದರೆ ಆರಂಭಕ್ಕೆ ಸಾಕು. ಇಮೇಲಿಗೆ ವಿಷಯ ಏನೆಂದು ಮೇಲಿನ ಸಾಲಿನಲ್ಲೇ ಬರೆಯಿರಿ, ಕೆಳಗೆ ನಾಲ್ಕು ಸರಳ ವಾಕ್ಯ ಸಾಕು. ಹೇಳಿದ ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಒಮ್ಮೆ ಓದಿ ಹೇಳಿ ‘ಇಷ್ಟೇ ತಾನೇ ಸರ್?’ ಎಂದು ಕೇಳಿ. ಅರ್ಧ ಗಂಟೆ ತಡಕಾಡಿದರೂ ದಾರಿ ಸಿಗದಿದ್ದರೆ ಪಕ್ಕದವರನ್ನು ಕೇಳಿ, ಕೇಳುವಾಗ ತಾನು ಏನೇನು ನೋಡಿದೆ ಎಂಬುದನ್ನೂ ಹೇಳಿ.

ಈಗ ಈ ಪುಟ ಓದುವ ಮಾಲೀಕರಿಗೆ, ಮ್ಯಾನೇಜರರಿಗೆ ಒಂದು ಮಾತು. ಈ ಹುಡುಗಿಗೆ ಮೊದಲ ತಿಂಗಳ ಕೊನೆಯಲ್ಲಿ ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಅವಳೂ ಉಳಿಯುತ್ತಿದ್ದಳು, ನಿಮ್ಮ ಸರಕೂ ನಿಲ್ಲುತ್ತಿರಲಿಲ್ಲ. ಪ್ರೊಬೇಷನ್ ಎಂದರೆ ಮೂರು ತಿಂಗಳು ಸುಮ್ಮನೆ ನೋಡುತ್ತ ಕುಳಿತು ಕೊನೆಗೆ ತೀರ್ಪು ಕೊಡುವುದಲ್ಲ. ಪ್ರಶ್ನೆ ಕೇಳಿದವರಿಗೆ ‘ಇಷ್ಟೂ ಗೊತ್ತಿಲ್ವಾ?’ ಎಂದು ಎಲ್ಲರೆದುರು ಗದರಿದ ಆಫೀಸಿನಲ್ಲಿ ಮತ್ತೆ ಯಾರೂ ಬಾಯಿ ತೆರೆಯುವುದಿಲ್ಲ. ಆಮೇಲೆ ಯುವಕರಿಗೆ ಜವಾಬ್ದಾರಿ ಇಲ್ಲ ಎಂದು ದೂರುವ ಹಕ್ಕು ನಿಮಗಿಲ್ಲ. ಪದವೀಧರರನ್ನು ಒಂದು ವರ್ಷ ಅಪ್ರೆಂಟಿಸ್ ಆಗಿ ತೆಗೆದುಕೊಂಡು ಕೆಲಸ ಕಲಿಸಲು 1961ರ ಅಪ್ರೆಂಟಿಸ್ ಕಾಯ್ದೆಯಡಿ ದಾರಿ ಇದೆ, ಸ್ಟೈಪೆಂಡಿನಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಸಣ್ಣ ಕಚೇರಿಗಳು ಇದನ್ನು ಬಳಸಿಕೊಳ್ಳಬೇಕು.

ತಂಗಿ, ಮುಂದಿನ ಇಂಟರ್‌ವ್ಯೂನಲ್ಲಿ ಈ ಮೂರು ತಿಂಗಳನ್ನು ಮುಚ್ಚಿಡಬೇಡಿ. ಯಾಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಹಳೆಯ ಆಫೀಸನ್ನು ದೂರದೆ, ತೂಕದ ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿ, ಈಗ ಅಂಥದ್ದು ಕಂಡರೆ ಏನು ಮಾಡುತ್ತೀರಿ ಎಂದೂ ಹೇಳಿ. ಬೈಕಂಪಾಡಿಯಲ್ಲಿ, ಪಣಂಬೂರಿನಲ್ಲಿ ಇದೇ ಕೆಲಸ ಮಾಡುವ ಕಚೇರಿಗಳು ಇನ್ನೂ ಇವೆ, ಬಿಲ್ ಆಫ್ ಎಂಟ್ರಿ ಎಂದರೇನು ಎಂದು ಬಲ್ಲ ಹೊಸಬರು ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಹಳೆಯ ಕಚೇರಿಗೆ ಒಂದು ಇಮೇಲ್ ಬರೆದು ಕೆಲಸ ಮಾಡಿದ ಅವಧಿಯ ಪತ್ರ, ಸಂಬಳದ ಚೀಟಿಗಳನ್ನು ಕೇಳಿ. ಪಿ.ಎಫ್. ಕಡಿತವಾಗುತ್ತಿದ್ದರೆ ಪಿ.ಎಫ್. ಸದಸ್ಯರಿಗೆ ಕೊಡುವ 12 ಅಂಕಿಯ ಕಾಯಂ ಸಂಖ್ಯೆಯಾದ ಯುಎಎನ್ ಅನ್ನೂ ತೆಗೆದಿಟ್ಟುಕೊಳ್ಳಿ. ಹೊಸ ಕಚೇರಿಗೆ ಸೇರುವಾಗ ಅದೇ ಸಂಖ್ಯೆ ಕೊಡಬೇಕು. ಬಯೋಡೇಟಾವನ್ನು ನಮ್ಮ ಕಚೇರಿಯ ವಿಳಾಸಕ್ಕೆ ಕಳಿಸಿ, ತಿದ್ದಿ ಕಳಿಸುತ್ತೇನೆ.

— ಸಂಪಾದಕ